ಬಾಗಿಲು ತೆಗೀಲಾ, ಡಾಕ್ಟ್ರಮ್ಮ?

ಕೋವಿಡ್ ಕಾಲ ಕಳೆದ ಮೇಲಿನ ಎರಡನೇ ಬೇಸಿಗೆ. ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪಶುವೈದ್ಯೆಯಾಗಿದ್ದೆ. ಮನೆ ತುಮಕೂರಿನ ಬಟವಾಡಿಯಲ್ಲಿ, ದಿನಾ ಬಸ್ಸಿನ ಓಡಾಟ. ಸರ್ವೀಸಿನಲ್ಲಿ ಎಷ್ಟೋ ಹಸುಗಳಿಗೆ ಕಷ್ಟದ ಹೆರಿಗೆ ಮಾಡಿಸಿದ್ದೇನೆ, ಅದನ್ನು ಹೇಳಿಕೊಳ್ಳಲು ನನಗೆ ಇಷ್ಟವೇ. ಆದರೆ 'ಮರೆಯಲಾಗದ ಕೇಸ್ ಯಾವುದು ಮೇಡಂ' ಎಂದು ಯಾರಾದರೂ ಕೇಳಿದರೆ ಕಣ್ಣ ಮುಂದೆ ಬರುವುದು ಹಸುವಲ್ಲ, ನಲವತ್ತು ಕೋಳಿಮರಿಗಳು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೊದಲಿಗೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಗುಬ್ಬಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಕೋಳಿ ಸಾಕುವುದಿರಲಿ, ಪಕ್ಕದವರ ಕೋಳಿ ಅಂಗಳಕ್ಕೆ ಬಂದರೆ ನಮ್ಮಜ್ಜಿ ಸಗಣಿನೀರು ಚಿಮುಕಿಸುತ್ತಿದ್ದರು. ಕೋಳಿ ವಿಚಾರದಲ್ಲಿ ನನಗೆ ಗೊತ್ತಿದ್ದದ್ದು ಕಾಲೇಜಿನ ನೋಟ್ಸು ಮತ್ತು ಟ್ರೈನಿಂಗಿನಲ್ಲಿ ಕೊಟ್ಟ ಕೈಪಿಡಿ, ಅಷ್ಟೇ. ಮಾತಾಡುವಾಗ ಮಾತ್ರ ಕೋಳಿಗಳ ಜೊತೆಯೇ ಹುಟ್ಟಿ ಬೆಳೆದವಳ ಹಾಗೆ ಮಾತಾಡುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಜೋರು.

ಆ ವರ್ಷ ಹಿತ್ತಲ ಕೋಳಿ ಸಾಕಣೆಯ ಒಂದು ಯೋಜನೆ ಬಂತು. ಒಂದು ಊರಿನ ಮಹಿಳಾ ಸಂಘದ ಹತ್ತು ಜನಕ್ಕೆ ಆರು ವಾರದ ಮರಿಗಳನ್ನು ಕೊಡುವುದು. ಆದರೆ ಮೊದಲು ಒಬ್ಬರಿಗೆ ಮಾತ್ರ. ಅವರ ಮನೆಯಲ್ಲಿ ಮರಿಗಳು ಉಳಿದರೆ ಮಿಕ್ಕ ಒಂಬತ್ತು ಮಂದಿಗೆ. ಆ ಒಬ್ಬರು ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ, ನಕ್ಕರೆ ಇಡೀ ಮುಖವೇ ನಗುತ್ತಿತ್ತು. ಹಿಂದಿನ ವರ್ಷ ಕಾಲುಬಾಯಿ ಜ್ವರದ ಲಸಿಕೆ ಬೇಡವೆಂದು ಊರೇ ಹಟ ಹಿಡಿದಾಗ ತನ್ನ ಹಸುವನ್ನು ಮೊದಲು ತಂದು ಕಟ್ಟಿ, ನನ್ನ ಮಾನ ಉಳಿಸಿದವಳು ಆಕೆ.

ಗೂಡನ್ನು ನಾನೇ ತುಮಕೂರು ಪಕ್ಕದ ಸತ್ಯಮಂಗಲದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ್ದೆ. ಸುತ್ತ ಜಾಲರಿ, ಮೇಲೆ ತಗಡು, ಗಟ್ಟಿ ಚಿಲಕ. ಏಪ್ರಿಲ್ ಮೊದಲ ವಾರ ಅದನ್ನು ಪುಟ್ಟತಾಯಮ್ಮನ ಹಿತ್ತಲಲ್ಲಿ ಇಳಿಸಿದೆವು. ಆಕೆ ಗೂಡಿನ ಸುತ್ತ ಒಂದು ಸುತ್ತು ಬಂದು, ಹಿತ್ತಲ ಮೂಲೆಯ ಹುಣಸೆಮರ ತೋರಿಸಿದಳು.

"ಅಲ್ಲಿಡಾನ ಡಾಕ್ಟ್ರಮ್ಮ. ನೆಳ್ಳಿರ್ತದೆ. ತಗಡು ಕಾಯ್ತದೆ ಕಣವ್ವ."

"ಮರದ ಕೆಳಗಿಟ್ಟರೆ ಮರ ಹತ್ತೋದು ಕಲೀತವೆ. ಆಮೇಲೆ ಗೂಡಿಗೆ ಬರ್ತವಾ? ಬಯಲಲ್ಲೇ ಇರಲಿ. ಏಳು ದಿನ ಬಾಗಿಲು ತೆಗೀಕೂಡದು, ತಿಳೀತಾ?"

ಏಳು ದಿನದ ಮಾತು ಸುಳ್ಳಲ್ಲ. ಹೊಸ ಜಾಗಕ್ಕೆ ಬಂದ ಮರಿಗಳನ್ನು ಕೆಲವು ದಿನ ಗೂಡಿನಲ್ಲೇ ಕೂಡಿಟ್ಟರೆ ಇದೇ ನಮ್ಮ ಮನೆ ಎಂದು ಅವು ಕಲಿಯುತ್ತವೆ, ಸಂಜೆಗೆ ತಾವಾಗಿ ಮರಳುತ್ತವೆ. ಆದರೆ ಕೋಳಿ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈಯ ಶಾಖವನ್ನು ಹೊರಹಾಕಬೇಕು. ಸುತ್ತಲ ಗಾಳಿಯೇ ಕಾದಿದ್ದರೆ ಅದೂ ಸಾಲದು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ನಲವತ್ತು ಮರಿಗಳನ್ನು ಗೂಡಿಗೆ ಬಿಟ್ಟ ಮೂರನೇ ದಿನ ಮಧ್ಯಾಹ್ನ ನಾನು ತುಮಕೂರಿನಲ್ಲಿ ಮೀಟಿಂಗಿನಲ್ಲಿದ್ದೆ. ಎ.ಸಿ. ಹಾಲು. ಫೋನ್ ಬಂತು, ಹೊರಗೆ ಬಂದು ಎತ್ತಿದೆ.

"ಡಾಕ್ಟ್ರಮ್ಮ, ಮರಿಗೋಳು ಬಾಯ್ ಕಳ್ಕಂಡ್ ಕೂತವೆ. ರೆಕ್ಕೆ ಇಳೇ ಬಿಟ್ಟವೆ. ಬಾಗ್ಲು ತೆಗೀಲಾ?"

ಒಳಗೆ ನನ್ನ ಹೆಸರು ಕರೆಯುವ ಹೊತ್ತಾಗಿತ್ತು. ರೇಗಿತು. "ಈಗ ತೆಗೆದರೆ ಮೂರು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ. ನೀರಿಡಿ, ಗೋಣಿಚೀಲ ಒದ್ದೆ ಮಾಡಿ ಹಾಕಿ. ಬಾಗಿಲು ಮಾತ್ರ ತೆಗೀಬೇಡಿ."

"ಆಯ್ತು ಕಣವ್ವ. ನೀವೇಳ್ದಂಗೆ."

ಒಂದು ನಿಮಿಷವೂ ಆಗಿರಲಿಕ್ಕಿಲ್ಲ ಆ ಫೋನು. ಸಂಜೆ ಮನೆಗೆ ಹೋಗಿ ನಾನು ಅದನ್ನು ಮರೆತೂಬಿಟ್ಟೆ.

ಮರುದಿನ ಬೆಳಿಗ್ಗೆ ಹೋದಾಗ ಹುಣಸೆಮರದ ಕೆಳಗೆ, ನಾನು ಬೇಡವೆಂದಿದ್ದ ಅದೇ ನೆರಳಿನಲ್ಲಿ, ಗೋಣಿಚೀಲದ ಮೇಲೆ ಇಪ್ಪತ್ಮೂರು ಮರಿಗಳನ್ನು ಸಾಲಾಗಿ ಮಲಗಿಸಿದ್ದರು. ಗೂಡಿನಲ್ಲಿ ಹದಿನೇಳು ಉಳಿದಿದ್ದವು. ತಗಡಿನ ಮೇಲೆ ಹಾಕಿದ್ದ ಒದ್ದೆ ಚೀಲ ಒಣಗಿ ಸೆಟೆದುಕೊಂಡಿತ್ತು. ನೀರಿನ ಎರಡು ಬೋಗುಣಿಗಳೂ ಕಂಠಮಟ್ಟ ತುಂಬಿದ್ದವು. ಎರಡು ಮರಿಗಳನ್ನು ಕೊಯ್ದು ನೋಡಿದೆ. ರೋಗದ ಗುರುತು ಒಂದೂ ಇರಲಿಲ್ಲ. ಅವು ಸತ್ತದ್ದು ಶಾಖಕ್ಕೆ, ನನ್ನ ಮಾತಿಗೆ. ಪುಟ್ಟತಾಯಮ್ಮ ನನ್ನ ಕೈಗೆ ನೀರು ಹಾಕಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರವೇ ಯೋಜನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ ಬಂದರು. ಸಂಘದ ಹತ್ತೂ ಹೆಂಗಸರು ಜಗಲಿಯ ಮೇಲೆ ಕೂತಿದ್ದರು. "ಹೇಗಾಯಿತು ಇದು?" ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಎದ್ದು ನಿಂತಳು.

"ನಂದೇ ತಪ್ಪು ಸಾ. ನೀರಿಡಾದು ಮರ್ತೆ."

ತುಂಬಿದ ಬೋಗುಣಿಗಳನ್ನು ಕಣ್ಣಾರೆ ಕಂಡಿದ್ದವಳು ನಾನು. ಆದರೂ ಸುಮ್ಮನಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಅವತ್ತು ಬಿದ್ದೇ ಹೋಯಿತು. ವರದಿಯಲ್ಲಿ 'ಬಿಸಿಲಿನ ತಾಪ ಮತ್ತು ನಿರ್ವಹಣೆಯ ಕೊರತೆ' ಎಂದು ಬರೆದೆ. ಯಾರ ನಿರ್ವಹಣೆ ಎಂದು ಬರೆಯದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಒಂಬತ್ತು ಮಂದಿಗೆ ಬರಬೇಕಿದ್ದ ಮರಿಗಳು ನಿಂತವು. ಪುಟ್ಟತಾಯಮ್ಮ ಅಧ್ಯಕ್ಷೆಯ ಜಾಗ ಬಿಟ್ಟಳು.

ನಾಲ್ಕು ದಿನ ಬಿಟ್ಟು ಒಬ್ಬಳೇ ಹೋಗಿ ಕೇಳಿದೆ. "ಯಾಕೆ ಹಾಗಂದ್ರಿ?"

ಆಕೆ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ. "ಬರಾ ತಿಂಗ್ಳು ದನಕ್ಕೆ ಇಂಜೆಕ್ಷನ್ ಹಾಕಾಕೆ ಬತ್ತೀರಲ್ಲ. ಡಾಕ್ಟ್ರಮ್ಮನ್ ಮಾತ್ ಕೇಳಿ ಕೋಳಿ ಸತ್ವು ಅಂದ್ರೆ ಯಾರವ್ವ ದನ ತತ್ತಾರೆ? ನಂದೇನು, ನಾಕ್ ದಿನ ಆಡ್ಕಂತಾರೆ. ಬುಡಿ."

ಆಗಲಾದರೂ ನಾನು ಹೋಗಿ ನಾಲ್ಕು ಜನರ ಮುಂದೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಲಸಿಕೆ ಮುಗಿಯಲಿ ಎಂದು ನನಗೆ ನಾನೇ ನೆಪ ಕೊಟ್ಟುಕೊಂಡೆ. ಆಫೀಸಿನಲ್ಲಿ ಯಾರು ಕೋಳಿ ಸುದ್ದಿ ಎತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಪುಟ್ಟತಾಯಮ್ಮ ಉಳಿದ ಹದಿನೇಳಕ್ಕೆ ತನ್ನದೇ ಪಾಠ ಶುರು ಮಾಡಿದ್ದಳು. ಗೂಡು ಹುಣಸೆಮರದ ಕೆಳಗೆ ಹೋಗಿತ್ತು. ತಗಡಿನ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿದ್ದಳು. ಹಗಲಿಡೀ ಬಾಗಿಲು ತೆರೆದೇ ಇರುತ್ತಿತ್ತು. ಮರಿಗಳು ನೆರಳಲ್ಲಿ ಮಣ್ಣು ಕೆದರಿಕೊಂಡಿರುತ್ತಿದ್ದವು. ಹೊತ್ತು ಇಳಿದು ಗೂಡು ತಣ್ಣಗಾದ ಮೇಲೆ ಹಳೇ ತಟ್ಟೆ ಬಡಿದು, "ಬಾ ಬಾ ಬಾ" ಎಂದು ಕರೆದು, ನುಚ್ಚನ್ನು ಗೂಡಿನ ಒಳಗೆ ಮಾತ್ರ ಚೆಲ್ಲುತ್ತಿದ್ದಳು. ಮರ ಹತ್ತಿದವನ್ನು ಒಂದೊಂದಾಗಿ ಹಿಡಿದು ತಂದು ಒಳಗೆ ಬಿಡುತ್ತಿದ್ದಳು, ದಿನಾ, ಬೇಸರವಿಲ್ಲದೆ. ಎರಡು ವಾರದಲ್ಲಿ ತಟ್ಟೆಯ ಸದ್ದಿಗೆ ಹದಿನಾರು ತಾವಾಗಿ ಒಳಹೋದವು. ಒಂದು ಹೆಣ್ಣುಮರಿ ಮಾತ್ರ ಕೊಂಬೆ ಬಿಡಲಿಲ್ಲ.

"ಅದು ನಿಮ್ ಜಾತಿ ಡಾಕ್ಟ್ರಮ್ಮ. ಯಾರ್ ಮಾತೂ ಕೇಳಾಕಿಲ್ಲ" ಎಂದು ಆಕೆ ನಕ್ಕಳು. ನನಗೆ ಅಳು ಬಂತು.

ಲಸಿಕೆ ಮುಗಿದ ಮೇಲೆ, ಸಂಘದ ಸಭೆಗೆ ಹೇಳಿ ಕಳಿಸದೆಯೇ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ: ಬಯಲಲ್ಲಿಡಿ ಎಂದದ್ದು ನಾನು, ಫೋನಿನಲ್ಲಿ ತೆಗೀಬೇಡಿ ಎಂದದ್ದು ನಾನು, ನೀರಿನ ಬೋಗುಣಿ ತುಂಬಿತ್ತು, ಆಕೆಯ ತಪ್ಪಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವರಲ್ಲೇ ಹಿರಿಯರಾದ ಒಬ್ಬ ಅಜ್ಜಿ ಎಲೆಅಡಿಕೆ ಬಾಯಿಂದಲೇ ಹೇಳಿದರು:

"ನಮಗ್ ಗೊತ್ತಿಲ್ವಾ ಕಣವ್ವ? ಪುಟ್ಟತಾಯಿ ನೀರಿಡಾದ್ ಮರೆಯೋಳಾ? ಅವ್ಳು ಮೆಟ್ಟಿಲ ಮೇಲೆ ಕುಂತು ನಿಮ್ಗೆ ಫೋನ್ ಮಾಡ್ದಾಗ ನಾನೇ ಪಕ್ಕದಾಗಿದ್ದೆ. ಅವ್ಳು ಯಾರ್ಗೂ ಏಳ್ಬ್ಯಾಡಿ ಅಂದ್ಲು, ಸುಮ್ಕಾದೊ. ನೀವ್ ಯಾವತ್ ಬತ್ತೀರೋ ಅಂತ ನೋಡ್ತಿದ್ವಿ. ಬಲೇ ತಡ ಮಾಡುದ್ರಿ."

ಎರಡು ತಿಂಗಳು ನಾನು ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ. ಇಡೀ ಊರು ಅದನ್ನು ನೋಡುತ್ತಾ ಕೂತಿತ್ತು.

ವರದಿಯನ್ನು ತಿದ್ದಿ, 'ನನ್ನ ತಪ್ಪು ಸಲಹೆಯಿಂದ' ಎಂದು ಬರೆದು ಸಹಿ ಹಾಕಿ ಕಳಿಸಿದೆ. ಮೇಲಿನವರು ಬೈದರು, ಬೈಸಿಕೊಂಡೆ. ಪುಟ್ಟತಾಯಮ್ಮನನ್ನು ಹೆಂಗಸರೇ ಮತ್ತೆ ಅಧ್ಯಕ್ಷೆ ಮಾಡಿದರು. ಮಳೆ ಬಿದ್ದು ತಂಪಾದ ಮೇಲೆ ಒಂಬತ್ತು ಮಂದಿಗೂ ಮರಿಗಳು ಬಂದವು. ಪಾಠ ಹೇಳಿದವಳು ಆಕೆ. ನಾನು ಜಗಲಿಯಲ್ಲಿ ಕೂತು ಬರೆದುಕೊಂಡೆ.

ಈಗಲೂ ನಾನು ಕೆಲಸ ಮಾಡಿದ್ದ ಹಳ್ಳಿಗಳಿಂದ ಫೋನ್ ಬರುತ್ತದೆ, ಏನು ಮಾಡಲಿ ಎಂದು ಕೇಳುತ್ತಾರೆ. ಹೇಳುವ ಮೊದಲು, "ನಿಮಗೆ ಅಲ್ಲಿ ಏನು ಕಾಣ್ತಿದೆ? ನಿಮಗೇನು ಮಾಡಬೇಕು ಅನ್ನಿಸ್ತಿದೆ?" ಎಂದು ಕೇಳುತ್ತೇನೆ. ಪ್ರಾಣಿಯ ಪಕ್ಕದಲ್ಲಿ ನಿಂತವರಿಗೆ ಕಾಣುವುದು ದೂರದ ಡಾಕ್ಟರಿಗೆ ಕಾಣುವುದಿಲ್ಲ. ನನ್ನ ವೃತ್ತಿ ಕಲಿಸಿದ್ದು ಇಷ್ಟು, ಅದೂ ಮುಗಿಯುವ ಹೊತ್ತಿಗೆ. ಆ ಮಧ್ಯಾಹ್ನ ಪುಟ್ಟತಾಯಮ್ಮನಿಗೆ ಏನು ಮಾಡಬೇಕೆಂದು ಗೊತ್ತಿತ್ತು. ನಾನು 'ಹ್ಞೂಂ' ಅಂದಿದ್ದರೆ ಸಾಕಿತ್ತು.