ನಿನ್ನೆ ಕಾದ ನೀರು

ನಮ್ಮ ಮಾವನವರು ಒಳ್ಳೆಯ ಮನುಷ್ಯ ಎಂದು ಹೇಳುವವರು ಹರಿಹರಪುರದಿಂದ ಶೃಂಗೇರಿಯವರೆಗೆ ಎಲ್ಲಿ ಬೇಕಾದರೂ ಸಿಗುತ್ತಾರೆ. ಅವರ ಬಾಯಿ ಮುಚ್ಚಿಸಲು ನಾನು ಹೋಗುವುದಿಲ್ಲ. ಆದರೆ ಅವರಲ್ಲಿ ಒಬ್ಬರೂ ಮಾವನವರ ಸ್ನಾನಕ್ಕೆ ಬಚ್ಚಲೊಲೆ ಊದಿದವರಲ್ಲ.

ನಾನು ಊದಿದ್ದೇನೆ. ಮದುವೆಯಾಗಿ ಆ ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ನನ್ನ ಕೈಗೆ ಊದುಗೊಳವೆ ಬಂತು. ಬಚ್ಚಲಲ್ಲಿ ಮಣ್ಣಿನ ಕಟ್ಟೆಯೊಳಗೆ ಕೂರಿಸಿದ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಒಲೆಯ ಬಾಯಿಗೆ ಮುಖ ಕೊಟ್ಟು ಮಂಡಿಯೂರಿ ಕೂತರೆ ಏಳುವ ಹೊತ್ತಿಗೆ ಕಣ್ಣು ಕೆಂಡ. ಮಳೆಗಾಲದಲ್ಲಿ ಕೇಳುವುದೇ ಬೇಡ. ಸೌದೆ ಹಸಿ, ಸೋಗೆ ಹಸಿ, ಹೊಗೆ ಮಾತ್ರ ಧಾರಾಳ.

ಎರಡನೆಯ ಮಗು ಹುಟ್ಟಿದ ಮೇಲೆ ನನಗೆ ಉಬ್ಬಸ ಹತ್ತಿಕೊಂಡಿತು. ಕೊಪ್ಪದ ಡಾಕ್ಟರು ಎದೆ, ಬೆನ್ನು ಎರಡನ್ನೂ ಪರೀಕ್ಷೆ ಮಾಡಿ, "ಒಲೆ ಹತ್ತಿರ ಸುಳೀಬೇಡಿ. ಹೀಗೇ ಹೊಗೆ ಕುಡೀತಾ ಹೋದ್ರೆ ಮುಂದೆ ನಾಲ್ಕು ಹೆಜ್ಜೆ ನಡೆಯೋದೂ ಕಷ್ಟ ಆಗ್ತದೆ" ಎಂದರು. ನನ್ನ ಗಂಡ ಪಕ್ಕದಲ್ಲೇ ನಿಂತು ಬಹಳ ಗಂಭೀರವಾಗಿ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮನೆಗೆ ಬಂದು ಮಾವನವರಿಗೆ ಹೇಳಿದೆವು. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಕತ್ತೆತ್ತಲೂ ಇಲ್ಲ. "ನಿನ್ನ ಅತ್ತೆ ಜೀವಮಾನ ಇಡೀ ಊದಿದಳು. ಎಂತ ಆಯ್ತು ಅವಳಿಗೆ?" ಎಂದರು.

ಅತ್ತೆ ಸತ್ತದ್ದೇ ಉಸಿರು ಕಟ್ಟಿ. ಅದನ್ನು ಅವರ ಮುಖಕ್ಕೆ ಹೇಳುವ ಧೈರ್ಯ ಆ ದಿನ ನನಗೆ ಬರಲಿಲ್ಲ.

ಎರಡು ಸಾವಿರ ಇಸವಿಯ ಈಚೆಗೆ ನಮ್ಮ ಕಡೆ ಮನೆಮನೆಗೆ ಟರ್ಬೈನು ಬರತೊಡಗಿತು. ಲೈನಿನ ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲ ಗಾಳಿಗೆ ಮರ ಬಿತ್ತು, ಕಂಬ ಬಿತ್ತು ಎಂದು ಹೋದರೆ ಬರುವುದು ಅದಕ್ಕೆ ಮನಸ್ಸು ಬಂದಾಗ. ಹಿಂದಿನ ಗುಡ್ಡದಲ್ಲಿ ಹಳ್ಳ ಇದ್ದವರು ಪೈಪು ಹಾಕಿ ನೀರು ಇಳಿಸಿ, ಚಕ್ರ ತಿರುಗಿಸಿ, ಸ್ವಂತ ಕರೆಂಟು ಮಾಡಿಕೊಂಡರು. ನಮ್ಮ ಮನೆಗೂ ಒಂದು ಬಂತು. ಮಾವನವರು ಬೇಡ ಎನ್ನಲಿಲ್ಲ. ಮನೆಗೆ ಬಂದವರಿಗೆಲ್ಲ ಸ್ವಿಚ್ಚು ಹಾಕಿ, ಆರಿಸಿ, ಮತ್ತೆ ಹಾಕಿ ತೋರಿಸುತ್ತಿದ್ದರು.

ಆ ಯಂತ್ರಕ್ಕೊಂದು ಗುಣವಿತ್ತು. ನಮ್ಮ ಹಳ್ಳ ಬೇಸಿಗೆಯಲ್ಲೂ ಬತ್ತುವುದಿಲ್ಲವಾದ್ದರಿಂದ ಅದು ಹಗಲು ರಾತ್ರಿ ಒಂದೇ ಸಮನೆ ಕರೆಂಟು ಮಾಡುತ್ತಿತ್ತು. ನಾವು ದೀಪ ಆರಿಸಿ ಮಲಗಿದ್ದೇವೆ ಎಂಬುದು ಅದಕ್ಕೆ ಸಂಬಂಧವಿಲ್ಲದ ವಿಷಯ. ಉಳಿದ ಕರೆಂಟಿಗೆ ಹೋಗಲು ಒಂದು ಜಾಗ ಕೊಡದಿದ್ದರೆ ಚಕ್ರ ಹುಚ್ಚೆದ್ದು ತಿರುಗಿ ಮನೆಯ ಬಲ್ಬುಗಳನ್ನೆಲ್ಲ ಸುಟ್ಟುಹಾಕುತ್ತಿತ್ತು. ಅದಕ್ಕೇ ಗೋಡೆಯ ಮೇಲೆ ಒಂದು ಪೆಟ್ಟಿಗೆ. ಮನೆ ಬಳಸಿ ಮಿಕ್ಕಿದ ಕರೆಂಟನ್ನು ಅದು ನೀರಿನಲ್ಲಿ ಮುಳುಗಿಸಿಟ್ಟ ಒಂದು ಹೀಟರ್ ಕಾಯಿಲಿಗೆ ದಾಟಿಸುತ್ತಿತ್ತು. ಕೂರಿಸಲು ಬಂದವರು ಕಾಯಿಲನ್ನು ಹಿತ್ತಲಿನ ಡ್ರಮ್ಮಿಗೆ ಇಳಿಸಿ, ಒಂದು ಕಡೆಯಿಂದ ತಣ್ಣೀರು ಒಳಗೆ, ಇನ್ನೊಂದು ಕಡೆಯಿಂದ ಬಿಸಿನೀರು ಚರಂಡಿಗೆ ಎಂದು ಮಾಡಿ ಹೋದರು.

ಒಂದು ಬೆಳಿಗ್ಗೆ ಬಚ್ಚಲೊಲೆ ಊದಿ ಸಾಕಾಗಿ, ಗಾಳಿ ಬೇಕೆಂದು ಹಿತ್ತಲಿಗೆ ಬಂದು ಗೋಡೆ ಹಿಡಿದುಕೊಂಡು ನಿಂತಿದ್ದೆ. ಚರಂಡಿಯಿಂದ ಹಬೆ ಏಳುತ್ತಿತ್ತು. ಬಗ್ಗಿ ಕೈಯಿಟ್ಟು ನೋಡಿದೆ. ಮಗುವಿಗೆ ಎರೆಯಬಹುದಾದಂಥ ಹದವಾದ ನೀರು ಇಡೀ ರಾತ್ರಿ ಚರಂಡಿಗೆ ಹರಿದಿದೆ, ಇತ್ತ ನಾನು ಅದೇ ಹದದ ನೀರಿಗಾಗಿ ಜೀವ ತೇದಿದ್ದೇನೆ. ನನಗೆ ಬಂದ ಸಿಟ್ಟಿಗೆ ಆ ಡ್ರಮ್ಮನ್ನೇ ಒದೆಯಬೇಕೆನ್ನಿಸಿತು.

ಒದೆಯುವ ಬದಲು ಯೋಚನೆ ಮಾಡಿದೆ. ನೀರನ್ನು ಹರಿಯಲು ಬಿಡದೆ ಒಂದು ಮುಚ್ಚಿದ ಟ್ಯಾಂಕಿಯಲ್ಲಿ ನಿಲ್ಲಿಸಿದರೆ, ರಾತ್ರಿಯೆಲ್ಲ ಕಾದು ಬೆಳಿಗ್ಗೆಗೆ ಸಿದ್ಧವಾಗಿರಬೇಕು. ಮಾವನವರು ಯಾವುದೋ ಹೋಮಕ್ಕೆಂದು ಕೆಲವು ದಿನ ಶೃಂಗೇರಿಗೆ ಹೋದದ್ದೇ ಗಂಡನ ಬೆನ್ನು ಹತ್ತಿದೆ. ಕೊಪ್ಪದಿಂದ ಒಂದು ದೊಡ್ಡ ಟ್ಯಾಂಕಿ ಬಂತು. ಬಚ್ಚಲಿನ ಮೂಲೆಯಲ್ಲಿ ಹಲಗೆಯ ಗೂಡು ಮಾಡಿಸಿ, ಟ್ಯಾಂಕಿಯನ್ನು ಅದರೊಳಗಿಟ್ಟು, ಡ್ರಮ್ಮಿನ ಕಾಯಿಲನ್ನು ಟ್ಯಾಂಕಿಗೆ ಹಾಕಿಸಿ, ಸುತ್ತಲಿನ ಸಂದಿಗೆ ಭತ್ತದ ಉಮಿಯನ್ನು ಜಡಿದು ತುಂಬಿಸಿದೆ. ಬಾಣಂತಿಗೆ ಗಾಳಿ ತಾಗದ ಹಾಗೆ ಸುತ್ತುತ್ತಾರಲ್ಲ, ಹಾಗೆ. ಮರುದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬಿದ್ದ ನೀರಿಗೆ ಕೈಯಿಡಲು ಆಗಲಿಲ್ಲ. ಮಕ್ಕಳು ಮಿಂದರು, ಗಂಡ ಮಿಂದರು, ನಾನು ತಲೆಗೆ ಎರೆದುಕೊಂಡೆ. ಇನ್ನೂ ಉಳಿಯಿತು. ಆ ಕೆಲವು ದಿನ ನಾನು ಕೆಮ್ಮದೆ ನಿದ್ದೆ ಮಾಡಿದೆ.

ಮಾವನವರು ಬಂದರು. ಬಚ್ಚಲಿಗೆ ಹೋದವರು ಹೋದಷ್ಟೇ ಬೇಗ ಈಚೆ ಬಂದರು.

"ಇದೆಂಥದು?"

ಗಂಡ ವಿವರಿಸಿದರು. ಅವರು ಪೂರ್ತಿ ಕೇಳಿಸಿಕೊಂಡು, "ರಾತ್ರಿ ಇಟ್ಟ ನೀರು ತಂಗಳು. ಅದ್ರಲ್ಲಿ ಮಿಂದು ದೇವರ ಪೂಜೆಗೆ ಕೂರೋದು ಹೇಗೆ? ಬೆಂಕಿ ಮುಟ್ಟದ ನೀರು ಬೇರೆ. ನಂಗೆ ಹಂಡೆಗೇ ಬೆಂಕಿ ಹಾಕಿ. ನೀವೆಲ್ಲ ಬೇಕಾದ್ರೆ ಮೀಯಿರಿ" ಎಂದರು.

ನನಗೆ ತಡೆಯಲಾಗಲಿಲ್ಲ. "ಮಾವಯ್ಯ, ಹಂಡೆಗೂ ನಾನು ಹಿಂದಿನ ಸಂಜೆಯೇ ನೀರು ತುಂಬಿಸೋದಲ್ವಾ? ಅದೂ ರಾತ್ರಿ ಇಟ್ಟ ನೀರೇ" ಎಂದೆ.

ಅವರು ಬಚ್ಚಲ ಕಡೆ ತಿರುಗಿ ನೋಡಿದರು. ಗೆದ್ದೆ ಅಂದುಕೊಂಡೆ. "ಕೆಳಗೆ ಕೆಂಡ ಇರ್ತದಲ್ಲ. ಕೆಂಡ ಇದ್ರೆ ಅದು ತಂಗಳಲ್ಲ" ಎಂದುಬಿಟ್ಟರು.

ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕ್ಷಣಕ್ಕೆ ಹುಟ್ಟಿದ ಶಾಸ್ತ್ರ ಅದು ಎಂದು ನನ್ನ ಅನುಮಾನ.

ಹೀಗೆ ಕಾಯಿಲು ಕಾಯಿಸಿದ ನೀರು ಟ್ಯಾಂಕಿ ತುಂಬ ಇರುತ್ತಿತ್ತು, ಅದರ ಪಕ್ಕದಲ್ಲೇ ನಾನು ಒಬ್ಬರ ಎರಡು ಬಕೆಟ್ಟಿಗಾಗಿ ಹಸಿ ಸೌದೆ ಊದುತ್ತಿದ್ದೆ. ಗಂಡ ಕೆಲವು ದಿನ ತಾವೇ ಬೆಂಕಿ ಹಾಕಿದರು. ಮಾವನವರು ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು, "ಮನೆಯಲ್ಲಿ ಹೆಂಗಸು ಇಲ್ವನಾ?" ಎಂದು ಕೇಳಿದರು. ಮರುದಿನದಿಂದ ಗಂಡನಿಗೆ ಬೆಳಗ್ಗಿನ ಹೊತ್ತು ತೋಟದಲ್ಲಿ ತುರ್ತು ಕೆಲಸ ಶುರುವಾಯಿತು. ನಾನು ಕೇಳಿದರೆ, "ಅಪ್ಪಯ್ಯ ಇರೋಷ್ಟು ದಿನ ಸುಧಾರಿಸ್ಕ ಮಾರಾಯ್ತಿ" ಎನ್ನುತ್ತಿದ್ದರು. ಅಪ್ಪಯ್ಯ ಗುಂಡುಕಲ್ಲಿನ ಹಾಗಿದ್ದರು. ಅವರಿಗಿಂತ ಮೊದಲು ನಾನೇ ಹೋಗುವ ಲಕ್ಷಣ ಕಾಣುತ್ತಿತ್ತು.

ಹೋಗುವುದೂ ಸ್ವಲ್ಪದರಲ್ಲಿ ತಪ್ಪಿತು. ಅದೇ ಮಳೆಗಾಲದ ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ ಏಳಲು ಹೋದವಳಿಗೆ ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಜೀಪು ಮಾಡಿಸಿ ಕೊಪ್ಪಕ್ಕೆ ಒಯ್ದರಂತೆ. ದಾರಿ ನನಗೆ ನೆನಪಿಲ್ಲ. ಮೂಗಿಗೆ ಕಟ್ಟಿದ್ದ ಮಾಸ್ಕಿನ ರಬ್ಬರ್ ವಾಸನೆ ನೆನಪಿದೆ, ಮತ್ತು ಸಾಯುತ್ತೇನೆ ಎಂಬ ಹೆದರಿಕೆ ನೆನಪಿದೆ. ಮಕ್ಕಳ ಮುಖ ಕಣ್ಣ ಮುಂದೆ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಆ ಹಾಳು ಒಲೆ.

ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನ ಮನೆ ನೋಡಿಕೊಳ್ಳಲು ನರಸಿಂಹರಾಜಪುರದಿಂದ ನಾದಿನಿ ಬಂದಿದ್ದಳು. ಮಾವನವರ ಒಬ್ಬಳೇ ಮಗಳು. ಸ್ವಭಾವದಲ್ಲಿ ಕೆಟ್ಟವಳಲ್ಲ, ಬಾಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೆ. ನಾನು ಮನೆಗೆ ಬಂದ ಸಂಜೆ ಗಂಜಿ ಬಡಿಸುತ್ತಾ ಅವಳು ಆ ಟ್ಯಾಂಕಿಯನ್ನು ಹೊಗಳತೊಡಗಿದಳು.

"ಎಂಥ ಚಂದ ಮಾಡಿದೀರಿ ಅತ್ತಿಗೆ! ನಮ್ಮನೇಲೂ ಹೇಳ್ಬೇಕು. ಒಂದು ದಿನಾನೂ ಒಲೆ ಹಚ್ಚಲಿಲ್ಲ ನಾನು. ಅಪ್ಪಯ್ಯನೂ ಅದ್ರಲ್ಲೇ ಮಿಂದ್ರು. ಬೆನ್ನುನೋವು ಹಗುರಾಯ್ತು ಅಂದ್ರು."

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಮಾವಯ್ಯ ಒಪ್ಪಿದ್ರಾ?"

"ನಾನು ಹಂಡೆಗೆ ಬೆಂಕಿ ಹಾಕ್ಲಿಕ್ಕೆ ಹೋಗಿದ್ದೆ ಮೊದಲನೇ ದಿನ. ಅಪ್ಪಯ್ಯನೇ ಬೇಡ ಅಂದ್ರು. ಕೂಸೇ, ನಿಂಗೆ ಹೊಗೆ ಆಗೋದಿಲ್ಲ, ಆ ಟ್ಯಾಂಕಿ ನೀರೇ ಸಾಕು ಅಂದ್ರು."

ಅವಳು ಮುಂದೆ ಏನೋ ಹೇಳುತ್ತಲೇ ಇದ್ದಳು. ನನಗೆ ಕೇಳಿಸಲಿಲ್ಲ. ಅದುವರೆಗೂ ಒಂದು ಮಾತನ್ನು ನಾನು ನಂಬಿದ್ದೆ. ಮಾವನವರದು ಹಠವಿರಬಹುದು, ಆದರೆ ಆ ಹಠದ ಹಿಂದೆ ಒಂದು ನಂಬಿಕೆಯಿದೆ, ದೇವರಿದ್ದಾನೆ, ಮಡಿಯಿದೆ ಎಂದು. ನಂಬಿಕೆಯ ಎದುರು ನನ್ನ ಎದೆ ಸಣ್ಣದು ಎಂದು ಎಷ್ಟೋ ಬೆಳಿಗ್ಗೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅಷ್ಟೂ ಸುಳ್ಳು. ಅವರಿಗೆ ಹೊಗೆ ಎಂದರೇನು ಎಂದು ಗೊತ್ತಿತ್ತು. ಯಾರು ಅದನ್ನು ಕುಡಿಯಬಾರದು, ಯಾರು ಕುಡಿದರೂ ಪರವಾಗಿಲ್ಲ ಎಂಬ ಲೆಕ್ಕವೂ ಗೊತ್ತಿತ್ತು. ಆ ಸಂಜೆ ಅವರನ್ನು ದ್ವೇಷಿಸಿದ ಹಾಗೆ ನಾನು ಅದಕ್ಕೆ ಮೊದಲು ಯಾರನ್ನೂ ದ್ವೇಷಿಸಿರಲಿಲ್ಲ, ಆಮೇಲೂ ದ್ವೇಷಿಸಲಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯಿಂದ ಮಾವನವರ ದನಿ ಕೇಳಿತು. "ಬಚ್ಚಲಿಗೆ ಬೆಂಕಿ ಹಾಕ್ಲಿಲ್ವಾ? ಬಂದಾಯ್ತಲ್ಲ ಮನೆಗೆ."

ಹಿತ್ತಲಿಗೆ ಹೋಗಿ ಒಂದು ಬುಟ್ಟಿ ಜೇಡಿಮಣ್ಣು ತಂದೆ. ಅಷ್ಟಕ್ಕೇ ಏದುಸಿರು ಬಂತು. ಒಲೆಯ ಬಾಯಿಗೆ ಕಲ್ಲು ತುರುಕಿ, ಮಣ್ಣು ಕಲಸಿ ಮೆತ್ತತೊಡಗಿದೆ. ನಾದಿನಿ ಬಂದು ನೋಡಿ ಬಾಯಿ ತೆರೆದಳು, ಮೊದಲ ಬಾರಿಗೆ ಮಾತು ಹೊರಡಲಿಲ್ಲ. ಗಂಡ ಬಂದು, "ಎಂತ ಮಾಡ್ತಿದ್ದೀ ಮಾರಾಯ್ತಿ, ಅಪ್ಪಯ್ಯ ನೋಡಿದ್ರೆ" ಎಂದರು. ಅಪ್ಪಯ್ಯ ಅವರ ಹಿಂದೆಯೇ ಬಂದಿದ್ದರು, ಹೆಗಲ ಮೇಲೆ ಪಂಚೆ.

"ಕೊಪ್ಪದ ಆಸ್ಪತ್ರೆಯಲ್ಲಿ ನಾನು ಉಸಿರಿಗೆ ಒದ್ದಾಡ್ತಿದ್ದಾಗ ನೀವು ಈ ನೀರಲ್ಲಿ ಮಿಂದು ಪೂಜೆ ಮಾಡಿದ್ರಿ" ಎಂದೆ. "ದೇವರು ಎದ್ದು ಹೋಗಲಿಲ್ವಲ್ಲ. ಇನ್ನು ಮೇಲೂ ಅದೇ ನೀರು. ಬೇಡ ಅಂದ್ರೆ ಬಾವಿ ಇದೆ."

ಅವರ ಮುಖ ಕಪ್ಪಿಟ್ಟಿತು. ಮಗಳ ಕಡೆ ನೋಡಿದರು, ಮಗನ ಕಡೆ ನೋಡಿದರು, ನನ್ನ ಕಡೆ ಮಾತ್ರ ನೋಡಲಿಲ್ಲ. "ಹಾಗಾದ್ರೆ ತಣ್ಣೀರಲ್ಲೇ ಮೀತೇನೆ" ಎಂದರು.

"ಮೀಯಿರಿ" ಎಂದೆ, ಮಣ್ಣು ಮೆತ್ತುವುದನ್ನು ಬಿಡದೆ.

ಮಿಂದರು. ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಬಾವಿಕಟ್ಟೆಯಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಮಂತ್ರ ಕೂಗಿ ಹೇಳುತ್ತಾ ಮಿಂದರು. ಊರವರಿಗೆ ಬೇಕಾದದ್ದು ಸಿಕ್ಕಿತು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನನ್ನನ್ನು ಹಿಡಿದು, "ವಯಸ್ಸಾದವರು, ಒಂದು ಬಕೆಟ್ ಬಿಸಿನೀರು ಕೊಡಬಾರ್ದಾ?" ಎಂದು ಬುದ್ಧಿ ಹೇಳಿದರು. ನನ್ನ ಉಬ್ಬಸದ ವಿಷಯ ಅವರಲ್ಲಿ ಯಾರಿಗೂ ಗೊತ್ತಿಲ್ಲದ್ದೇನಲ್ಲ. "ಟ್ಯಾಂಕಿ ತುಂಬ ಇದೆ, ಅವರೇ ನಲ್ಲಿ ತಿರುಗಿಸಬೇಕು" ಎನ್ನುತ್ತಿದ್ದೆ. ಗಯ್ಯಾಳಿ ಎಂಬ ಹೆಸರು ಬಂತು. ಉಸಿರಾಡುತ್ತಿದ್ದೆನಾದ್ದರಿಂದ ಆ ಹೆಸರು ನನಗೇನೂ ಭಾರವಾಗಲಿಲ್ಲ. ನಾದಿನಿ ಊರಿಂದ ಬಂದ ದಿನಗಳಲ್ಲಿ ಮಾತ್ರ ಬಾವಿಕಟ್ಟೆ ಒಣಗಿರುತ್ತಿತ್ತು. ಮಗಳು ಬಕೆಟ್ಟು ತುಂಬಿಸಿ ಕರೆದರೆ ಅವರು ತುಟಿಪಿಟಕ್ಕೆನ್ನದೆ ಬಚ್ಚಲಿಗೆ ಹೋಗುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಪಾತ್ರೆ ಬೆಳಗುತ್ತಿದ್ದೆ.

ಆ ದಶಕದ ಕೊನೆಯ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಒಂದು ಕಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲಾಯಿತು. ಮಗಳಿಗೆ ಅವಳದೇ ಸಂಸಾರ, ಬಂದು ಅತ್ತು ಹೋದಳು. ಮಗ ತಲೆಯಾಡಿಸಿದರು. ಉಳಿದವಳು ನಾನು. ಪ್ರತಿ ಬೆಳಿಗ್ಗೆ ಟ್ಯಾಂಕಿಯಿಂದ ಬಿಸಿನೀರು ಹಿಡಿದು, ಹದ ಮಾಡಿ, ಬಟ್ಟೆ ಅದ್ದಿ ಅವರ ಮೈ ಒರೆಸುತ್ತಿದ್ದೆ. ಪುಣ್ಯಕ್ಕಾಗಿ ಮಾಡಿದೆ ಎಂದು ಯಾರೂ ತಿಳಿಯಬಾರದು. ಒರೆಸುವ ಮೊದಲು ಪ್ರತಿದಿನ ಅವರ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದೆ, "ಇದು ನಿನ್ನೆ ಕಾದ ನೀರು ಮಾವಯ್ಯ. ಬೆಂಕಿ ಮುಟ್ಟಿದ್ದಲ್ಲ." ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿಕೊಳ್ಳಲಿ ಎಂದೇ ಹೇಳುತ್ತಿದ್ದೆ.

ಒಂದು ದಿನ ಅವರು ಕಣ್ಣು ಮುಚ್ಚಲಿಲ್ಲ. ನಾಲಿಗೆ ಹೊರಳಿಸಿ ಹೊರಳಿಸಿ, "ಹಿತ ಆಗ್ತದೆ. ಬೆನ್ನಿಗೆ ಇನ್ನೊಂದು ಸ್ವಲ್ಪ ಹಾಕು" ಎಂದರು.

ಅಷ್ಟು ಸುಲಭವಾಗಿ ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. "ಇಷ್ಟು ಹೇಳ್ಲಿಕ್ಕೆ ನನ್ನ ಎದೆ ಸುಡಬೇಕಿತ್ತಾ?" ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಅವರು ಬೆನ್ನು ಕೊಟ್ಟು ಕಾಯುತ್ತಿದ್ದರು. ಬಟ್ಟೆ ಹಿಂಡಿ ಮತ್ತೆ ಅದ್ದಿದೆ.