ಪಕ್ಕಾ ಆಗದ ಸಾಲುಗಳು

ಸೋಮವಾರ ಸಂಜೆ ನಾನು ಕಾಖಂಡಕಿಯಿಂದ ವಿಜಯಪುರದ ಮನೆಗೆ ಬಂದು ಚೀಲ ಕೆಳಗಿಡುವಷ್ಟರಲ್ಲಿ ಫೋನ್ ಬಂತು. ಮಾತಾಡಿದವರು ತಿಕೋಟಾದ ಮಣೂಕದ, ಅಂದರೆ ಒಣದ್ರಾಕ್ಷಿಯ, ಕೋಲ್ಡ್ ಸ್ಟೋರೇಜ್‌ನ ಆಪರೇಟರ್. ಬಬಲೇಶ್ವರದವರು, ಐವತ್ತು ದಾಟಿದವರು. ದಿನಾ ಬೆಳಗಾಗುವ ಮೊದಲೇ ಜೀಪು ಹಿಡಿದು ಕೆಲಸಕ್ಕೆ ಬರುವ ಮನುಷ್ಯ.

"ಅಕ್ಕಾರ, ನನ್ನ ಕೆಲಸ ಹೋತ್ರಿ. ನಾಳೆ ಹನ್ನೊಂದಕ್ಕ ಮೀಟಿಂಗ್ ಕರದಾರ. ಮೂರ ನಂಬರ್ ಖೋಲ್ಯಾಗಿನ ಮಣೂಕ ಬೆವತು ಕರ್ರಗ ಆಗ್ಯಾವು. ನಾ ಫೈಲಿಗೆ ಏನೂ ಹಾಕಿಲ್ಲ ಅಂತಾರ. ಹಾಕೇನ್ರಿ! ಬಾಗಲದ ರಬ್ಬರ್ ಹರದದ, ಥಂಡಿ ನಿಲ್ಲವಲ್ದು ಅಂತ ನಾಕ ಸಲ ಹಾಕೇನಿ."

ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡೆ. ಆಮೇಲೆ ಕಂಪ್ಯೂಟರ್ ತೆರೆದೆ. ಫೈಲು ಗುರುವಾರ ಸಂಜೆ ಆರರ ಸಾಲಿಗೆ ಮುಗಿದಿತ್ತು. ಶುಕ್ರವಾರದಿಂದ ಆಚೆಗೆ ಒಂದೂ ಸಾಲಿಲ್ಲ. ಯಾಕಿಲ್ಲ ಎಂಬುದು ನೋಡಿದ ಕೂಡಲೇ ತಿಳಿಯಿತು. ಆ ಸಾಲುಗಳನ್ನು ತಡೆದು ನಿಲ್ಲಿಸಿದವಳು ನಾನೇ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಿಲ್ಲೆಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು. ಪತ್ರಿಕೆ ನಿಂತ ಮೇಲೆ, ದ್ರಾಕ್ಷಿ ಬೆಳೆಗಾರರು ಕೂಡಿ ನಡೆಸುವ ಈ ಕೋಲ್ಡ್ ಸ್ಟೋರೇಜ್‌ನ ದಾಖಲೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಮೊದಲು ಒಂದು ದಪ್ಪ ರಿಜಿಸ್ಟರ್ ಇತ್ತು. ಖೋಲಿಗಳ ತಾಪಮಾನವನ್ನು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎರಡು ತಾಸಿಗೊಮ್ಮೆ ಬರೆಯಬೇಕೆಂಬ ನಿಯಮ. ತಿಂಗಳ ಕೊನೆಯಲ್ಲಿ ಕುಳಿತು ಒಂದೇ ಪೆನ್ನಿನಲ್ಲಿ ಇಡೀ ತಿಂಗಳನ್ನು ತುಂಬುವುದು ರೂಢಿ. ಅದನ್ನು ನಿಲ್ಲಿಸಲು ನಾನೇ ಹೊಸ ಏರ್ಪಾಡು ಸೂಚಿಸಿದೆ: ಆಪರೇಟರ್ ಅಲ್ಲಿನ ಕಂಪ್ಯೂಟರಿನಲ್ಲಿ ರೀಡಿಂಗ್ ಒತ್ತಬೇಕು, ಅದು ಇಂಟರ್‌ನೆಟ್ ಮೂಲಕ ಕ್ಲೌಡ್‌ನಲ್ಲಿರುವ ಒಂದು ಫೈಲಿನ ಕೊನೆಗೆ ಸೇರಬೇಕು. ಸೇರಿದ್ದನ್ನು ಯಾರೂ ಹೊಡೆದುಹಾಕುವಂತಿಲ್ಲ. ಹಿಂದಿನ ತಾರೀಖು ಹಾಕಿ ತುಂಬುವಂತಿಲ್ಲ.

ಪ್ರೋಗ್ರಾಂ ಬರೆದುಕೊಟ್ಟವರು ನಮ್ಮ ಓಣಿಯವರೇ, ಪಾಲಿಟೆಕ್ನಿಕ್‌ನಲ್ಲಿ ಕಲಿಸುವ ಟೀಚರ್. ಅವರು ವಿವರಿಸಿದ್ದು ಹೀಗೆ. ಸಾಲು ಸೇರಿಸಲು ಕ್ಲೌಡ್‌ಗೆ ಎರಡು ಸಂದೇಶ ಹೋಗಬೇಕು. ಮೊದಲನೆಯದು, "ಈ ಫೈಲಿನ ಇಂಥ ಜಾಗದಿಂದ ಈ ಸಾಲು ಇಟ್ಟುಕೋ" ಎನ್ನುತ್ತದೆ. ಎರಡನೆಯದು, "ಇಲ್ಲಿಯತನಕ ಬಂದದ್ದನ್ನು ಖಾಯಂ ಮಾಡು" ಎನ್ನುತ್ತದೆ. ಎರಡನೆಯದು ಹೋಗುವವರೆಗೆ ಸಾಲು ಅಲ್ಲಿರುತ್ತದೆ, ಆದರೆ ಫೈಲು ತೆರೆದರೆ ಕಾಣುವುದಿಲ್ಲ.

ಟೀಚರ್ ಎರಡನ್ನೂ ಒಟ್ಟಿಗೇ ಕಳಿಸುವಂತೆ ಬರೆದಿದ್ದರು. ಬೇರೆ ಮಾಡಿಸಿದವಳು ನಾನು. ತಾಲೂಕಿನ ವರದಿಗಾರ ಕಳಿಸಿದ್ದನ್ನು ಇನ್ನೊಬ್ಬರು ಓದದೆ ಅಚ್ಚಿಗೆ ಬಿಡುವುದು ನಮ್ಮ ಡೆಸ್ಕಿನಲ್ಲಿ ಇರಲಿಲ್ಲ. ಒಮ್ಮೆ ಸೇರಿದರೆ ತೆಗೆಯಲಾಗದ ಫೈಲಿಗೆ ಆ ಶಿಸ್ತು ಇನ್ನೂ ಹೆಚ್ಚು ಬೇಕು ಎಂದು ವಾದಿಸಿದೆ.

"ಅಕ್ಕಾ, ಇದು ಪೇಪರ್ ಅಲ್ಲ. ಥರ್ಮಾಮೀಟರ್ ನೋಡಿ ಬರದದ್ದಕ್ಕ ನೀವೇನ ತಿದ್ದತೀರಿ?" ಎಂದಿದ್ದರು ಟೀಚರ್. ಆದರೂ ನನ್ನ ಹಟಕ್ಕೆ ನನ್ನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಮಾಡಿಕೊಟ್ಟರು. ಮೇಲೆ 'ಪಕ್ಕಾ' ಎಂದು ಬರೆದಿತ್ತು. ನನ್ನ ಕಂಪ್ಯೂಟರ್ ಚಾಲೂ ಇದ್ದರೆ ಆಪರೇಟರ್ ಒತ್ತಿದ ಸಾಲುಗಳ ನಕಲು ಅಲ್ಲಿಗೂ ಬರುತ್ತಿತ್ತು; ಪ್ರತಿ ಸಂಜೆ ಅವನ್ನು ಓದಿ ನಾನು ಗುಂಡಿ ಒತ್ತುತ್ತಿದ್ದೆ. ಈ ಗುಂಡಿಯ ವಿಷಯ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಕಾಖಂಡಕಿಯ ಸೋದರತ್ತೆ ತೀರಿಕೊಂಡರು. ಕಂಪ್ಯೂಟರ್ ಬಂದ್ ಮಾಡಿ ಹೊರಟೆ. ಪತ್ರಿಕೆಯ ಡೆಸ್ಕಿನ ಟ್ರೇಯಲ್ಲಿಟ್ಟ ವರದಿ ನಾಲ್ಕು ದಿನ ಬಿಟ್ಟು ಬಂದರೂ ಟ್ರೇಯಲ್ಲೇ ಇರುತ್ತದೆ. ಇದೂ ಹಾಗೆಯೇ ಎಂದುಕೊಂಡೆ.

ಆಪರೇಟರ್‌ನ ಫೋನ್ ಇಟ್ಟ ಮೇಲೆ ನನ್ನ ಬೆರಳು ಪಕ್ಕಾ ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ನನ್ನ ಪರದೆಯ ಮೇಲೆ ಕಾಯುತ್ತಿರುವ ಸಾಲುಗಳೆಂದು ಮೂರೇ ಕಾಣುತ್ತಿದ್ದವು. ನಾಲ್ಕು ದಿನಕ್ಕೆ ಮೂರು ಸಾಲು ಹೇಗೆ? ಓಣಿ ದಾಟಿ ಟೀಚರ್ ಮನೆಗೆ ಹೋದೆ. ಬೀಗ ಹಾಕಿತ್ತು, ಫೋನಿನಲ್ಲಿ ಸಿಕ್ಕರು, ಕಲಬುರಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು.

"ಒತ್ತಿಲ್ಲ ಹೌದಲ್ಲ?" ಎಂದು ಮೊದಲು ಕೇಳಿದರು. ಇಲ್ಲ ಎಂದೆ. "ಒತ್ತಬ್ಯಾಡ್ರಿ. ನಿಮ್ಮ ಕಂಪ್ಯೂಟರ್ ಬಂದ್ ಇತ್ತು, ಅದಕ್ಕ ಶುಕ್ರವಾರ ಮುಂಜಾನಿ ತನಕದ ಲೆಕ್ಕ ಅಷ್ಟ ಗೊತ್ತದ. ನೀವು ಒತ್ತಿದ್ರ ಅಲ್ಲೀತನಕ ಖಾಯಂ ಮಾಡಿ, ಅದರ ಮುಂದಿಂದೆಲ್ಲಾ ಒಗದ್ ಬಿಡತದ. ತಿರುಗಿ ಸಿಗಂಗಿಲ್ಲ."

ಆ ರಾತ್ರಿ ಕಂಪ್ಯೂಟರಿನ ಕಡೆ ಹೋಗಲಿಲ್ಲ. ಪೂರ್ತಿ ಲೆಕ್ಕ ಇರುವುದು ಅಲ್ಲಿನ ಕಂಪ್ಯೂಟರಿನಲ್ಲೇ ಎಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ ಟೀಚರ್ ಸ್ಕೂಟರಿನ ಹಿಂದೆ ಕುಳಿತು ತಿಕೋಟಾಕ್ಕೆ ಹೊರಟೆ.

ಸಭೆಯಲ್ಲಿ ಎದ್ದು ನಿಂತು ತಪ್ಪು ನನ್ನದೆಂದು ಹೇಳಬಹುದಿತ್ತು, ಹೇಳುವುದು ನಿಶ್ಚಯವೂ ಆಗಿತ್ತು. ಆದರೆ ಅದರಿಂದ ಆಪರೇಟರ್ ಉಳಿಯುತ್ತಿರಲಿಲ್ಲ. ಸಾಲುಗಳನ್ನು ನಾನು ತಡೆದಿದ್ದೆ ಎಂದರೆ, ಆಪರೇಟರ್ ಅದರಲ್ಲಿ ಏನು ಬರೆದಿದ್ದರು ಎಂದು ಸಭೆಯವರು ಕೇಳುತ್ತಾರೆ. ನಾನು ಓದಿರಲಿಲ್ಲ. ಆಪರೇಟರ್ ರಬ್ಬರಿನ ವಿಷಯ ಬರೆದಿದ್ದರೆಂಬುದಕ್ಕೆ ಅವರ ಬಾಯಿಮಾತು ಬಿಟ್ಟರೆ ಆ ಕಾಣದ ಸಾಲುಗಳೇ ಇದ್ದದ್ದು.

ಗೇಟಿನ ಹೊರಗೆ ಆಪರೇಟರ್ ನಿಂತಿದ್ದರು. ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ.

"ಏನ್ ಮಾಮಾ, ಸಾವಕಾರ ಆದಿ ನೋಡು, ಇಷ್ಟೊತ್ತಿಗೆ ಚಾ ಕುಡಕೋತ ಹೊರಗ ನಿಂತಿ," ಎಂದು ವಾಚ್‌ಮನ್ ಚೇಷ್ಟೆ ಮಾಡುತ್ತಿದ್ದ.

"ನಗೋ ಮಗನ, ನಗು. ನಾಳೆ ನಿನ್ನ ಗೇಟೂ ಹಾಕಿಲ್ಲ ಅಂತ ಫೈಲ್ ಹೇಳತದ," ಎಂದರು ಆಪರೇಟರ್. ಅವರ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ಮ್ಯಾನೇಜರ್ ನಮ್ಮಿಬ್ಬರನ್ನು ನೋಡಿ ಮುಖ ಗಂಟು ಹಾಕಿದರು. ಸೋಮವಾರ ಆಪರೇಟರ್ ಅವರನ್ನು ಮನೆಗೆ ಕಳಿಸಿದ ಮೇಲೆ ರೀಡಿಂಗ್ ಒತ್ತುತ್ತಿದ್ದವರು ಈ ಮ್ಯಾನೇಜರೇ. "ಮೀಟಿಂಗ್ ಮುಗೀಲಿ, ಆಮ್ಯಾಲೆ ಮಷಿನ್ ಮುಟ್ಟರಿ," ಎಂದರು.

"ಆಯ್ತು ಸರ್," ಎಂದರು ಟೀಚರ್. "ನಿನ್ನೆ ಸಂಜಿ ಆರಕ್ಕ ನೀವು ರೀಡಿಂಗ್ ಹಾಕೀರೇನು?"

"ಹಾಕೇನಿ. ಇವತ್ತ ಆರಕ್ಕೂ ಹಾಕೇನಿ, ಎಂಟಕ್ಕೂ ಹಾಕೇನಿ."

"ಫೈಲ್‌ನ್ಯಾಗ ಅದಾವೇನು ಒಂದಿಷ್ಟು ನೋಡ್ರಿ."

ಅವರು ಫೋನಿನಲ್ಲಿ ಫೈಲು ತೆರೆದು ಕೆಳಗಿನವರೆಗೆ ಸರಿಸಿದರು. ಮತ್ತೆ ಮೇಲಿನಿಂದ ಸರಿಸಿದರು. "ಇಲ್ಲ... ಆದ್ರ ನಾ ಹಾಕೇನಲ್ಲ! ನನ್ನ ಕೈಲೆ ಹಾಕೇನಿ!"

ಗೇಟಿನಾಚೆಯಿಂದ ಆಪರೇಟರ್ ಕೂಗಿದರು. "ನಿನ್ನೆಯಿಂದ ನಾನೂ ಅದನ್ನ ಅನ್ನಾಕತ್ತೇನ್ರಿ ಸಾಹೇಬ್ರ!"

ಮ್ಯಾನೇಜರ್ ಕಚೇರಿಯ ಬಾಗಿಲು ತೆರೆದರು.

ಟೀಚರ್‌ಗೆ ಬೇಕಾಗಿದ್ದದ್ದು ಒಂದೇ ಸಂಖ್ಯೆ: ಕಾಯುತ್ತಿರುವ ಸಾಲುಗಳು ಎಲ್ಲಿಗೆ ಮುಗಿಯುತ್ತವೆ ಎಂಬುದು. ಕಣ್ಣಲ್ಲಿ ಅಕ್ಷರ ಎಣಿಸಿ ಅದು ಸಿಗುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಅಕ್ಷರಗಳು ಹೆಚ್ಚು ಜಾಗ ಹಿಡಿಯುತ್ತವೆ. ಆದರೆ ಇಲ್ಲಿನ ಕಂಪ್ಯೂಟರ್ ತಾನು ಕಳಿಸಿದ ಪ್ರತಿ ಸಾಲಿನ ಹೊತ್ತು, ಅಳತೆಗಳನ್ನಷ್ಟೇ ಬರೆದಿಟ್ಟುಕೊಂಡಿತ್ತು. ಎಲ್ಲವನ್ನೂ ಕೂಡಿಸಬೇಕು. ಅವರು ಓದುತ್ತ ಹೋದರು, ನಾನು ಕಾಗದದ ಮೇಲೆ ಬರೆಯುತ್ತ ಹೋದೆ.

"ತಪ್ಪಾದ್ರ?" ಎಂದು ಕೇಳಿದೆ.

"ಜಾಸ್ತಿ ಹೇಳಿದ್ರ ಚಿಂತಿಲ್ಲ, ಬೈದು ಹೊಳ್ಳಿ ಕಳಸತದ. ಕಡಿಮಿ ಹೇಳಿದ್ರ ಸುಮ್ಮ ಒಪ್ಪಕೊಂಡು, ಉಳದಿದ್ದನ್ನ ಒಗೀತದ. ಬೈಸ್ಕೊಳ್ಳೋದ ಛಲೋ."

ಮೊದಲ ಮೊತ್ತ ಬರುವಾಗ ಒಂಬತ್ತೂ ಐವತ್ತು. ಹತ್ತರ ರೀಡಿಂಗ್ ಒತ್ತಲು ಮ್ಯಾನೇಜರ್ ರೂಢಿಯಂತೆ ಕೀಲಿಮಣೆಯತ್ತ ಬಾಗಿದರು. ಹೊಸ ಸಾಲು ಸೇರಿದರೆ ನಮ್ಮ ಮೊತ್ತ ಕಡಿಮೆಯಾಗುತ್ತಿತ್ತು. ನಾನು ಅವರ ಕೈ ಹಿಡಿದೆ. ಹಾಗೆ ಹಿಡಿದದ್ದಕ್ಕೆ ಆಮೇಲೆ ಕ್ಷಮೆ ಕೇಳಿದೆ. ಹತ್ತರ ರೀಡಿಂಗ್ ಅನ್ನು ಅವರು ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡರು.

ಟೀಚರ್ ಸಂದೇಶ ಕಳಿಸಿದರು. ಉತ್ತರ ಕೆಂಪಕ್ಷರದಲ್ಲಿ ಬಂತು: ಸಂಖ್ಯೆ ತಪ್ಪು. ಅವರು ಉಸಿರು ಬಿಟ್ಟರು. "ಜಾಸ್ತಿ ಆತು. ಎಲ್ಲೋ ಒಂದ ಎರಡ ಸಲ ಕೂಡಿಸೇವಿ."

ಮತ್ತೆ ಮೊದಲಿನಿಂದ ನೋಡಿದೆವು. ಬೆಳೆಗಾರರ ಗಾಡಿಗಳು ಒಂದೊಂದಾಗಿ ಬಂದು ಹೊರಗೆ ನಿಲ್ಲುತ್ತಿದ್ದವು. ಕನಮಡಿಯಿಂದ ಬಂದ ರೈತರೊಬ್ಬರು, ಮೂರನೇ ಖೋಲಿಯಲ್ಲಿ ಅವರದೇ ಹೆಚ್ಚು ಪೆಟ್ಟಿಗೆ, ಕಿಟಕಿಯಿಂದ ಇಣುಕಿ, "ಏನ್ರಿ, ಈಗ ಕುಂತು ಬರೀತೀರೇನು?" ಎಂದರು. ಹಳೆಯ ರಿಜಿಸ್ಟರ್ ಕಂಡವರು. ಹಾಗೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಏನು ನಡೆದಿದೆ ಎಂದು ಹೇಳಿ, ಒಳಗೆ ಬಂದು ನೋಡುತ್ತ ಕೂರಲು ಕೇಳಿಕೊಂಡೆ. ಅವರು ಬಂದು ಟೀಚರ್ ಹಿಂದೆಯೇ ಕುಳಿತರು.

ಭಾನುವಾರ ಹತ್ತರ ಸಾಲು ಎರಡು ಸಲ ಇತ್ತು. ನೆಟ್‌ವರ್ಕ್ ಹೋಗಿದ್ದರಿಂದ ಯಂತ್ರ ಅದನ್ನು ಅದೇ ಜಾಗಕ್ಕೆ ಮತ್ತೆ ಕಳಿಸಿತ್ತು. ಒಂದನ್ನು ಕಳೆದೆವು. ಕಳೆದದ್ದು ಸರಿಯೇ ಎಂದು ನಾನು ಒಮ್ಮೆ, ಟೀಚರ್ ಒಮ್ಮೆ, ಕನಮಡಿಯ ರೈತರು ತಮ್ಮ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಒಮ್ಮೆ ಕೂಡಿಸಿ ನೋಡಿದೆವು. ಮೂರೂ ಒಂದೇ ಬಂತು.

"ಒತ್ತಲೇನು?" ಎಂದರು ಟೀಚರ್. ಅವರು ನನ್ನನ್ನು ಕೇಳಿದ್ದರು. ಈ ಸಲ ಕಡಿಮೆಯಾಗಿದ್ದರೆ ನಮಗೆ ತಿಳಿಯುವುದೂ ಇಲ್ಲ.

"ಒತ್ತರಿ," ಎಂದೆ.

ಒಪ್ಪಿಕೊಂಡಿತು. ಕೆಂಪಕ್ಷರ ಬರಲಿಲ್ಲ. ಅದೇ ಭಯವಾಗಿತ್ತು. ಟೀಚರ್ ಫೈಲು ತೆರೆದು ನೇರ ಕೊನೆಗೆ ಹೋದರು. ಮಂಗಳವಾರ ಬೆಳಿಗ್ಗೆ ಎಂಟು, ಮ್ಯಾನೇಜರ್ ಹಾಕಿದ ಸಾಲು. ಪೂರ್ತಿ ಬಂದಿತ್ತು. ನಾನು ಮೇಲಕ್ಕೆ ಸರಿಸಿ ಶುಕ್ರವಾರದಿಂದ ಓದಿದೆ. ಶುಕ್ರವಾರ ಎರಡು ಗಂಟೆ: 'ಮೂರನೇ ಖೋಲಿ ಬಾಗಿಲ ರಬ್ಬರ್ ಹರಿದಿದೆ.' ನಾಲ್ಕು ಗಂಟೆ: 'ರಬ್ಬರ್ ಬೇಕು, ಮ್ಯಾನೇಜರಿಗೆ ಹೇಳಿದೆ.' ಶನಿವಾರ ಒಂದು, ಭಾನುವಾರ ಒಂದು. ಆಪರೇಟರ್ ಫೋನಿನಲ್ಲಿ ಹೇಳಿದ ಗಂಟೆಗಳೇ.

ಇನ್ನೊಂದನ್ನೂ ಕಂಡೆ. ಶನಿವಾರ ಮಧ್ಯಾಹ್ನ ಎರಡರ ಮತ್ತು ನಾಲ್ಕರ ಸಾಲುಗಳೇ ಇರಲಿಲ್ಲ. ಯಂತ್ರ ಕಳಿಸಿದ ಪಟ್ಟಿಯಲ್ಲೂ ಇರಲಿಲ್ಲ. ಅಂದರೆ ಅವರು ಒತ್ತಿರಲಿಲ್ಲ.

ಸಭೆಗೆ ಹೋಗುವ ಮುಂಚೆ ಗೇಟಿನ ಬಳಿ ಅವರಿಗೆ ನನ್ನ ಗುಂಡಿಯ ವಿಷಯವನ್ನೂ ಆ ಎರಡು ಸಾಲುಗಳ ವಿಷಯವನ್ನೂ ಹೇಳಿದೆ. ಅವರು ನೆಲ ನೋಡಿದರು. "ಊಟ ಆದ ಮ್ಯಾಲೆ ಕಣ್ಣ ಹತ್ತಿದ್ವುರಿ. ಅದೊಂದ ಓದಬ್ಯಾಡ್ರಿ ಅಕ್ಕಾರ. ಉಳದದ್ದ ಓದ್ರಿ."

"ಓದ್ತೀನಿ. ಎಲ್ಲಾನೂ ಓದಬೇಕು."

"ನಾಕ ದಿನ ನನ್ನ ಸಾಲು ಮುಚ್ಚಿಟ್ಟಾಕಿ ನೀವು. ಈಗ ಬಿಟ್ಟದ್ದನ್ನೂ ಓದತೀನಿ ಅಂತೀರಿ."

ಹನ್ನೊಂದಕ್ಕೆ ಸಭೆ ಕೂಡಿತು. ಓದಿದೆ. ಮೊದಲು ನನ್ನ ಗುಂಡಿಯ ವಿಷಯ ಹೇಳಿದೆ, ಆಮೇಲೆ ಶುಕ್ರವಾರದಿಂದ ಪ್ರತಿ ಸಾಲು, ಶನಿವಾರದ ಎರಡು ಖಾಲಿ ಗಂಟೆಗಳನ್ನೂ ಸೇರಿಸಿ. ಸಾಲುಗಳು ಹೊರಬಂದದ್ದನ್ನು ತಾವೇ ಕಂಡದ್ದಾಗಿ ಕನಮಡಿಯ ರೈತರು ಹೇಳಿದರು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, "ಹೇಳಿದ್ದ ಇರಬೇಕ್ರಿ. ಆಗ ಲಾರಿ ಲೋಡ್ ಆಗಾಕತ್ತಿತ್ತು," ಎಂದರು.

ಅಧ್ಯಕ್ಷರು ತಿಕೋಟಾದ ಹಿರಿಯ ಬೆಳೆಗಾರರು. ಆಪರೇಟರ್ ಕಡೆ ತಿರುಗಿದರು. "ಶನಿವಾರ ಎರಡಕ್ಕ, ನಾಕಕ್ಕ ಎಲ್ಲಿದ್ದಿಪಾ?"

"ಮಕ್ಕೊಂಡಿದ್ನಿರಿ."

ಯಾರೋ ಹಿಂದೆ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಎರಡ ತಾಸಿನ ತಪ್ಪಿಗೆ ಎರಡ ತಾಸಿನ ಬೈಗಳ. ನಾಕ ದಿನದ್ದು ನಿಂದಲ್ಲ. ಇವತ್ತ ಹನ್ನೆರಡರಿಂದ ಡ್ಯೂಟಿ ಹತ್ತು." ನನ್ನ ಕಡೆ ನೋಡಿ, "ಅಕ್ಕಾರ, ನಿಮ್ಮ ಬಗ್ಗೆ ಠರಾವಿನ್ಯಾಗ ಏನ ಬರೀಬೇಕು?" ಎಂದರು.

ನಡೆದದ್ದನ್ನು ಬರೆಯಿರಿ ಎಂದೆ. ವಾಕ್ಯವನ್ನೂ ನಾನೇ ಹೇಳಿದೆ: ದಾಖಲೆ ನೋಡಿಕೊಳ್ಳುವವರು ಯಾರಿಗೂ ತಿಳಿಸದೆ ಸಾಲುಗಳನ್ನು ತಡೆದಿಟ್ಟರು, ಅದರಿಂದ ಮೂರನೇ ಖೋಲಿಯ ಸುದ್ದಿ ನಾಲ್ಕು ದಿನ ಫೈಲಿನಲ್ಲಿ ಯಾರಿಗೂ ಕಾಣಲಿಲ್ಲ. ಬರೆದುಕೊಂಡರು.

ಸಭೆ ಮುಗಿಯುವಷ್ಟರಲ್ಲಿ ಟೀಚರ್ ಎರಡೂ ಸಂದೇಶ ಒಟ್ಟಿಗೇ ಹೋಗುವಂತೆ ಪ್ರೋಗ್ರಾಂ ಬದಲಿಸಿ, ಗುಂಡಿ ತೆಗೆದುಹಾಕಿದ್ದರು. ಹನ್ನೆರಡಕ್ಕೆ ಆಪರೇಟರ್ ಯಂತ್ರದ ಮುಂದೆ ಕುಳಿತರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಇದನ್ನ ಈಗ ಯಾರಾರ ಓದಿ ಬಿಡತಾರೇನ್ರಿ?"

"ಇಲ್ಲ. ನೀವು ಒತ್ತಿದ ಕೂಡಲೇ ಖಾಯಂ."

ಅವರು ಟೈಪ್ ಮಾಡಿದ ಸಾಲನ್ನು ಕನ್ನಡಕ ಏರಿಸಿ ಓದಿದರು. ಎದ್ದು ಮೂರನೇ ಖೋಲಿಗೆ ಹೋಗಿ ತಾಪಮಾನ ಮತ್ತೊಮ್ಮೆ ನೋಡಿ ಬಂದರು. ಒಂದು ಅಂಕಿ ತಿದ್ದಿದರು. ಆಮೇಲೆ ಒತ್ತಿದರು.