ಅಪ್ಪನ ಲೆಕ್ಕದಲ್ಲಿ ಸೋತ ಬೆಕ್ಕು

ಇವತ್ತು ಬಿಲ್ಡಿಂಗಿನ ಅಂಗಳದಲ್ಲಿ ಮಕ್ಕಳು ಕುಂಟಾಬಿಲ್ಲೆಗೆ ಗೆರೆ ಎಳೆಯುತ್ತಿದ್ದರು. ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ಮುಲುಂಡಿನ ನಮ್ಮ ಹಳೆಯ ಮನೆ ಕಣ್ಮುಂದೆ ಬಂತು.

ಧಾರವಾಡದಿಂದ ಬಂದ ಅಪ್ಪ ಗಣಿತದ ಮಾಸ್ತರು. ಸರಿ ತಪ್ಪನ್ನೂ ಲೆಕ್ಕ ಹಾಕಿಯೇ ತೀರ್ಮಾನಿಸುವವರು. ಒಂದು ಕೆಲಸದಿಂದ ಆಗುವ ಸುಖ ಕೂಡಿಸು, ದುಃಖ ಕಳೆ, ಉಳಿದದ್ದೇ ನ್ಯಾಯ.

ಒಮ್ಮೆ ಅಲ್ಲಿನ ಮೆಟ್ಟಿಲ ಕೆಳಗೆ ಬೆಕ್ಕು ಮರಿ ಹಾಕಿತು. ಗಲೀಜೆಂದು ಓಡಿಸಲು ಬಿಲ್ಡಿಂಗಿನವರು ಹೊರಟರು. ನಾನು ಅಳುತ್ತ ಅಪ್ಪನ ಬಳಿ ಓಡಿದೆ. ಅವರು ಮನೆಯ ಗೋಡೆಗೆ ಹಾಕಿದ್ದ ಕರಿಹಲಗೆಯ ಮೇಲೆ ಅಷ್ಟೂ ಮನೆಯವರಿಗೆ ಸಿಗುವ ನೆಮ್ಮದಿ ಕೂಡಿಸಿ, ಬೆಕ್ಕಿನ ಸಂಸಾರದ ದುಃಖ ಕಳೆದು, ಪೆಚ್ಚಾಗಿ ನಿಂತರು.

"ಲೆಕ್ಕದಾಗ ಬೆಕ್ಕು ಸೋತೈತಲ್ಲವಾ!"

ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಅಲ್ರೀ, ನಮ್ಮ ಮೂಗಿನ ತ್ರಾಸೂ ಆ ಕೂಸುಗಳ ಜೀವಾನೂ ಒಂದ ತೂಕ ಏನ್ರಿ?"

ಅಪ್ಪ ಹಲಗೆ ನೋಡಿದರು, ಅವ್ವನನ್ನು ನೋಡಿದರು. ಎಲ್ಲ ಒರೆಸಿ, ಚಪ್ಪಲಿ ಮೆಟ್ಟಿ ಕೆಳಗಿಳಿದರು. ಹರಕು ಮರಾಠಿಯಲ್ಲಿ ವಾದಿಸಿ, ಆ ಜಾಗವನ್ನು ದಿನಾ ತಾವೇ ತೊಳೆಯುವುದಾಗಿ ಒಪ್ಪಿಕೊಂಡು ಬಂದರು. ಮರಿಗಳು ಉಳಿದವು.

ಈಗ ನನ್ನ ಮಕ್ಕಳು ಜಗಳವಾಡಿದರೆ ನ್ಯಾಯ ಕೇಳುವುದು ಅಜ್ಜಿಯ ಹತ್ತಿರ. ಅವರನ್ನು ಅಲ್ಲಿಗೆ ಕಳಿಸುವವರು ಅಜ್ಜನೇ.